ಮಾಗಿ ಚಳಿಗೆ ಏಳದ ಎಂಜಿನ್

ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವವರು ಯಾರೂ ಇಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇದೆ. ಹೊರಗೆ ಚಳಿಯಿರಲಿ ಮಳೆಯಿರಲಿ ಅದು ತನ್ನ ಪಾಡಿಗೆ ಕಿಡಿ ಹಾರಿಸುತ್ತದೆ. ಡೀಸೆಲ್ಲಿಗೆ ಇರುವುದು ಬರೀ ಗಾಳಿ. ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಗಾಳಿಯನ್ನು ಪಿಸ್ಟನ್ ಹದಿನೆಂಟು ಪಾಲಿನಿಂದ ಒಂದು ಪಾಲಿಗೆ ಅದುಮುತ್ತದೆ, ಅದುಮಿಸಿಕೊಂಡ ಗಾಳಿ ಕಾಯುತ್ತದೆ, ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಹೊಸ ವಿಷಯವೇನಲ್ಲ.

ಎಷ್ಟು ಕಾಯುತ್ತದೆಂಬ ಲೆಕ್ಕವೂ ಕಷ್ಟದ್ದಲ್ಲ. ಶಾಖ ಎಲ್ಲೂ ಸೋರದ, ಗಾಳಿ ಎಲ್ಲೂ ನುಸುಳದ ಸಿಲಿಂಡರೊಂದನ್ನು ಊಹಿಸಿಕೊಳ್ಳಿ. ಗಾಳಿಯನ್ನು ಹದಿನೆಂಟಕ್ಕೊಂದರಂತೆ ಅದುಮಿದಾಗ ಅದರ ಉಷ್ಣಾಂಶ, ಕೆಲ್ವಿನ್ ಮಾನದಲ್ಲಿ, ಸುಮಾರು 3.2 ಪಟ್ಟು ಏರುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳಗೆ ಸುಮಾರು 690 ಡಿಗ್ರಿ. ಹೊರಗೆ 10 ಡಿಗ್ರಿ ಇದ್ದರೆ ಒಳಗೆ ಸುಮಾರು 625. ಅಂದರೆ ಮಧ್ಯಾಹ್ನಕ್ಕೂ ಮುಂಜಾನೆಗೂ ಅಂಗಳದಲ್ಲಿರುವ 20 ಡಿಗ್ರಿಯ ಅಂತರ ಸಿಲಿಂಡರಿನೊಳಗೆ 60 ದಾಟುತ್ತದೆ. ಚಳಿಯನ್ನೂ ಎಂಜಿನ್ ಮೂರು ಪಟ್ಟು ಮಾಡಿಕೊಳ್ಳುತ್ತದೆ.

ಇದು ಕಾಗದದ ಮೇಲಿನ ಸಿಲಿಂಡರು. ನಿಜವಾದದ್ದರಲ್ಲಿ ಗೋಡೆಗಳು ರಾತ್ರಿಯೆಲ್ಲ ತಣಿದು ಕಲ್ಲಾಗಿರುತ್ತವೆ, ಪಿಸ್ಟನ್ ರಿಂಗಿನ ಸಂದಿಯಲ್ಲಿ ಗಾಳಿ ಜಾರಿಕೊಳ್ಳುತ್ತದೆ. ಓಡುತ್ತಿರುವ ಎಂಜಿನ್ 2000 ಸುತ್ತಿನ ವೇಗದಲ್ಲಿದ್ದಾಗ ಪಿಸ್ಟನ್ ಕೆಳಗಿನಿಂದ ಮೇಲೆ ಬರಲು ಸೆಕೆಂಡಿನ ಸಾವಿರದಲ್ಲಿ ಹದಿನೈದು ಪಾಲು ಸಾಕು. ಸೆಲ್ಫ್ ಹೊಡೆಯುವಾಗಿನ 200 ಸುತ್ತಿನಲ್ಲಿ ಅದಕ್ಕೆ ಹತ್ತರಷ್ಟು ಹೊತ್ತು ಬೇಕು. ಅಷ್ಟೂ ಹೊತ್ತು ಶಾಖ ಗೋಡೆಗೆ ಹೋಗುತ್ತಿರುತ್ತದೆ, ಗಾಳಿ ಸೋರುತ್ತಿರುತ್ತದೆ. ಹೀಗಾಗಿ 600 ಇರಬೇಕಾದ ಕಡೆ 400 ಸಿಕ್ಕರೆ ಪುಣ್ಯ. ಬಯಲಿನಲ್ಲಿ, ಬೇಕಾದಷ್ಟು ಹೊತ್ತು ಕೊಟ್ಟರೆ ಡೀಸೆಲ್ 210 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿ ಹತ್ತಿಕೊಳ್ಳುತ್ತದೆ. ಸಿಲಿಂಡರಿನೊಳಗೆ ಅದಕ್ಕೆ ಕೆಲವೇ ಮಿಲಿಸೆಕೆಂಡುಗಳ ಗಡುವು. ಆ ಗಡುವಿನೊಳಗೆ ಹತ್ತಬೇಕಾದರೆ 210 ಏನೇನೂ ಸಾಲದು. ಮಾಗಿಯ ಬೆಳಗಿನಲ್ಲಿ ಹಳೆಯ ಎಂಜಿನ್ ನಿಂತಿರುವುದು ಈ ಕಿರಿದಾದ ಅಂಚಿನ ಮೇಲೆ.

ಒಮ್ಮೆ ಹತ್ತಿಕೊಂಡು ಹತ್ತು ನಿಮಿಷ ಓಡಿತೋ, ಗೋಡೆಗಳು ಕಾದು ಅದೇ ಎಂಜಿನ್ ಸಾಧುವಾಗುತ್ತದೆ. ಸವೆದ ರಿಂಗು, ಕೆಟ್ಟ ನಾಝಲ್, ಸುಟ್ಟುಹೋದ ಹೀಟರ್ ಎಲ್ಲವನ್ನೂ ಬಿಸಿ ಮುಚ್ಚಿಬಿಡುತ್ತದೆ. ಗಾಡಿಯ ಆರೋಗ್ಯ ತಿಳಿಯಬೇಕಿದ್ದರೆ ಮಧ್ಯಾಹ್ನ ಟೆಸ್ಟ್ ಡ್ರೈವ್ ಮಾಡಿ ಪ್ರಯೋಜನವಿಲ್ಲ. ಹಳೆಯ ಜೀಪು ಕೊಳ್ಳಹೊರಟವರು ಬೆಳಗಿನ ಆರು ಗಂಟೆಗೆ ಹೋಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಚಿತಪಡಿಸಿಕೊಂಡು ಸೆಲ್ಫ್ ಹೊಡೆಸಿ ನೋಡುವುದು ಒಳ್ಳೆಯದು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೂ ಒಂದು ಅರ್ಥವಿದೆ.

ಈ ಅಧ್ಯಾಯದಲ್ಲಿ ಹೇಳುತ್ತಿರುವುದು ಕಂಪ್ಯೂಟರ್ ಬರುವುದಕ್ಕಿಂತ ಮುಂಚಿನ ಡೀಸೆಲ್ ಎಂಜಿನ್‌ಗಳ ಮಾತು. ಕಾಫಿ ತೋಟಗಳ ಮಹೀಂದ್ರಾ ಜೀಪು, ಟಾಟಾ ಲಾರಿ, 1489 ಸಿಸಿಯ ಅಂಬಾಸಿಡರ್ ಡೀಸೆಲ್, ಬಗೆಬಗೆಯ ಟ್ರ್ಯಾಕ್ಟರು, ಹೊಲದ ಪಂಪ್‌ಸೆಟ್ಟು. ಇವುಗಳಲ್ಲಿ ಡೀಸೆಲ್ಲನ್ನು ಅಳೆದು, ಒತ್ತಡಕ್ಕೇರಿಸಿ, ಸರಿಯಾದ ಕ್ಷಣಕ್ಕೆ ಕಳಿಸುವುದೆಲ್ಲ ಉಕ್ಕಿನ ಬಿಡಿಭಾಗಗಳ ಕೆಲಸ. ಸ್ಕ್ಯಾನರ್ ಸಿಕ್ಕಿಸಿ ದೋಷದ ನಂಬರು ಓದುವ ಹಾಗಿಲ್ಲ. ಹೊಗೆ, ಸದ್ದು, ವಾಸನೆ, ಕೈಯ ಸ್ಪರ್ಶ ಇಷ್ಟರಲ್ಲೇ ಓದಬೇಕು. ಪೆಟ್ರೋಲ್ ಕಾರುಗಳಿಗೂ ಇಂಥ ಯಾಂತ್ರಿಕ ಇಂಜೆಕ್ಷನ್ ಇತ್ತು. ಬಾಷ್‌ನ ಕೆ-ಜೆಟ್ರಾನಿಕ್ 1973ರಲ್ಲಿ ಬಂತು. ಅದರಲ್ಲಿ ಚಳಿಗೆಂದೇ ಬೇರೊಂದು ಇಂಜೆಕ್ಟರ್ ಇರುತ್ತದೆ, ಕಿಡಿಯೂ ಇರುತ್ತದೆ. ಅದರ ಸಮಸ್ಯೆಗಳ ಜಾತಿಯೇ ಬೇರೆ.

ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತೋರಿಸಿದ ಎಂಜಿನ್ನಿನಲ್ಲಿ ಡೀಸೆಲ್ಲನ್ನು ಒತ್ತಡಕ್ಕೇರಿಸಿ ಸಿಂಪಡಿಸುವ ಇಂಜೆಕ್ಷನ್ ಪಂಪು ಇರಲಿಲ್ಲ. ಇಂಧನವನ್ನು ಒಳಗೆ ಊದಲು ಗಾಳಿಯ ಕಂಪ್ರೆಸರ್ ಬೇಕಿತ್ತು. ಅದರ ಗಾತ್ರವನ್ನು ಹೊತ್ತು ಲಾರಿ ಓಡುವಂತಿರಲಿಲ್ಲ. ಡೀಸೆಲ್ ರಸ್ತೆಯಲ್ಲಿ ವ್ಯಾಪಕವಾದದ್ದು ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ ಮೇಲೆ. ಅದೇ ಕಂಪನಿಯ ನಂಟಿನಿಂದ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯನ್ನು ಊರು ಕರೆದದ್ದು ಮೈಕೋ ಎಂದು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು. ಗ್ಯಾರೇಜುಗಳಲ್ಲಿ ಮಾತ್ರ ಇವತ್ತಿಗೂ ಅದು ಮೈಕೋ ಪಂಪೇ.

ಇಂಥ ಸಾಲು (ಇನ್‌ಲೈನ್) ಪಂಪನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆ ಕಣ್ಣಿಗೆ ಬೀಳುವುದು ಸಿಲಿಂಡರಿಗೊಂದರಂತೆ ಇರುವ ಪುಟ್ಟ ಉಕ್ಕಿನ ಕಡ್ಡಿ, ಅದು ಕೂರುವ ಕೊಳವೆ. ಈ ಜೋಡಿಗೆ ಮೆಕ್ಯಾನಿಕ್‌ಗಳು ಎಲಿಮೆಂಟ್ ಎನ್ನುತ್ತಾರೆ. ಕಡ್ಡಿಗೂ ಕೊಳವೆಗೂ ನಡುವಿನ ಸಂದಿ ಎರಡು-ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲು. ಅಲ್ಲಿ ಯಾವ ರಬ್ಬರ್ ಸೀಲೂ ಇಲ್ಲ, ನಯವಾದ ಹೊಂದಿಕೆಯೇ ಸೀಲು. ಒಂದು ಎಲಿಮೆಂಟಿನ ಕಡ್ಡಿಯನ್ನು ಇನ್ನೊಂದರ ಕೊಳವೆಗೆ ಹಾಕುವಂತಿಲ್ಲ. ಕಡ್ಡಿಯ ಪಕ್ಕೆಯಲ್ಲಿ ಓರೆಯಾಗಿ ಕೆತ್ತಿದ ಒಂದು ಅಂಚಿದೆ. ಕ್ಯಾಮ್ ಕಡ್ಡಿಯನ್ನು ಮೇಲೆ ತಳ್ಳಿದಾಗ ಅದು ಕೊಳವೆಯ ರಂಧ್ರವನ್ನು ಮುಚ್ಚುತ್ತದೆ, ಡೀಸೆಲ್ ಒತ್ತಡಕ್ಕೇರುತ್ತದೆ. ಓರೆ ಅಂಚು ರಂಧ್ರಕ್ಕೆ ಎದುರಾದ ಕೂಡಲೇ ಒತ್ತಡ ಬಿಟ್ಟುಹೋಗಿ ಸಿಂಪಡಣೆ ನಿಲ್ಲುತ್ತದೆ. ಕಡ್ಡಿಯನ್ನು ತನ್ನ ಸುತ್ತ ತುಸು ತಿರುಗಿಸಿದರೆ ಅಂಚು ಬೇಗ ಬರುತ್ತದೆ ಅಥವಾ ತಡವಾಗಿ ಬರುತ್ತದೆ. ಎಲ್ಲ ಕಡ್ಡಿಗಳನ್ನೂ ಒಟ್ಟಿಗೆ ತಿರುಗಿಸುವ ಹಲ್ಲಿನ ಪಟ್ಟಿಯೇ ರ‍್ಯಾಕ್. ಆಕ್ಸಿಲರೇಟರ್ ತುಳಿದಾಗ ಕೊನೆಗೆ ಆಗುವುದು ಇಷ್ಟೇ, ರ‍್ಯಾಕ್ ಕೆಲವು ಮಿಲಿಮೀಟರ್ ಜರುಗುತ್ತದೆ. ಗಣಕವಿಲ್ಲದ ಕಾಲದಲ್ಲಿ ಇಷ್ಟು ಚೊಕ್ಕವಾದ ಲೆಕ್ಕಾಚಾರವನ್ನು ಒಂದು ಓರೆ ಗೆರೆಯಲ್ಲಿ ಹುದುಗಿಸಿದ್ದಕ್ಕೆ ನನಗೆ ಈ ಪಂಪಿನ ಮೇಲೆ ಪಕ್ಷಪಾತವಿದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಏಕೆಂದರೆ ಬೆಳಿಗ್ಗೆ ಎಂಜಿನ್ ಏಳದಿದ್ದರೆ ಮೊದಲು ಗೂಬೆ ಕೂರುವುದು ಈ ಪಂಪಿನ ಮೇಲೇ. ‘ಸಾರ್, ಪಂಪ್ ಕೆಲಸ ಇದೆ, ಬಿಚ್ಚಿ ಕಳಿಸ್ಬೇಕು’ ಎಂಬ ಮಾತನ್ನು ಕೇಳದ ಡೀಸೆಲ್ ಮಾಲೀಕ ಅಪರೂಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಚಳಿಯಲ್ಲಿ ಮಾತ್ರ ಕಾಡಿ, ಬಿಸಿಯಾದ ಮೇಲೆ ಸಲೀಸಾಗಿ ಸ್ಟಾರ್ಟ್ ಆಗುವ ಗಾಡಿಯಲ್ಲಿ ಪಂಪಿನ ಎಲಿಮೆಂಟ್ ಸವೆದಿರುವ ಸಂಭವ ಕಡಿಮೆ. ಕಾರಣ ಸರಳ. ಡೀಸೆಲ್ ತಣ್ಣಗಿದ್ದಾಗ ಮಂದ, ಕಾದಾಗ ತೆಳು. ಸವೆದ ಎಲಿಮೆಂಟಿನ ಸಂದಿಯಲ್ಲಿ ಮಂದ ಡೀಸೆಲ್ ಕಷ್ಟಪಟ್ಟು ಸೋರುತ್ತದೆ, ತೆಳು ಡೀಸೆಲ್ ಸಲೀಸಾಗಿ ಸೋರುತ್ತದೆ. ಹಾಗಾಗಿ ನಿಜಕ್ಕೂ ಪಂಪು ಸವೆದ ಗಾಡಿ ಬೆಳಿಗ್ಗೆ ಎದ್ದು, ಮಧ್ಯಾಹ್ನ ದೂರ ಓಡಿ ನಿಲ್ಲಿಸಿದ ಮೇಲೆ ಏಳಲು ಹಟ ಮಾಡುತ್ತದೆ. ಹಾಗೆ ಹಟ ಹಿಡಿದ ಪಂಪಿಗೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಕಾದರೆ ಎಂಜಿನ್ ಏಳುವುದುಂಟು. ಎದ್ದರೆ ಪಂಪು ಸವೆದಿದೆ ಎಂದೇ ಲೆಕ್ಕ. (ಕೆಲವರು ತಣ್ಣೀರನ್ನೇ ಸುರಿಯುತ್ತಾರೆ. ಕಾದ ಕೊಳವೆ ಒಮ್ಮೆಲೇ ಕುಗ್ಗಿ ಕಡ್ಡಿಯನ್ನು ಕಚ್ಚಿಕೊಂಡರೆ ಪಂಪು ಅಲ್ಲಿಗೇ ಮುಗಿಯಿತು. ಬೇಡ.) ಚಳಿಯ ದೂರಿಗೂ ಬಿಸಿಯ ದೂರಿಗೂ ಇರುವ ಈ ವ್ಯತ್ಯಾಸವನ್ನು ಕೇಳದೆಯೇ ಪಂಪು ಬಿಚ್ಚುವ ಮೆಕ್ಯಾನಿಕ್ ನಿಮ್ಮ ಹಣ ಖರ್ಚು ಮಾಡಿಸುತ್ತಿದ್ದಾನೆ.

ಹಾಗಾದರೆ ಮೊದಲು ನೋಡಬೇಕಾದ್ದೇನು? ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಸದ್ದು ಕೇಳಿ, ಆಮೇಲೆ ಸೈಲೆನ್ಸರ್ ಬಳಿ ಹೋಗಿ ನಿಲ್ಲಿ.

ಸದ್ದು ಎಂದರೆ ಸೆಲ್ಫ್ ತಿರುಗುವ ಸದ್ದು. ಎಂಜಿನ್ ನಿಮಿಷಕ್ಕೆ 150-200 ಸುತ್ತು ತಿರುಗದಿದ್ದರೆ ಮೇಲೆ ಹೇಳಿದ ಶಾಖದ ಲೆಕ್ಕವೆಲ್ಲ ಕೈಕೊಡುತ್ತದೆ. ಚಳಿಯಲ್ಲಿ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನ, ಎಂಜಿನ್ ಆಯಿಲ್ ಮಂದ. ಕೊಡುವ ಕೈ ಸೋತಿರುವಾಗಲೇ ಕೇಳುವ ಬಾಯಿ ದೊಡ್ಡದಾಗಿರುತ್ತದೆ. ಆದರೆ ಬ್ಯಾಟರಿ ಹೊಸದಾಗಿದ್ದೂ ಸೆಲ್ಫ್ ಎಳೆಯದಿದ್ದರೆ ಕೇಬಲ್ ನೋಡಿ. ಡೀಸೆಲ್ ಎಂಜಿನ್ನಿನ ಸ್ಟಾರ್ಟರು 300 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ತುಕ್ಕು ಹಿಡಿದ ಅರ್ಥ್ ಕೇಬಲ್ಲಿನ ತುದಿಯಲ್ಲಿ ಓಮಿನ ನೂರರಲ್ಲೊಂದು ಪಾಲು ರೋಧವಿದ್ದರೂ ಸಾಕು, 3 ವೋಲ್ಟ್ ಅಲ್ಲೇ ಮಾಯ. ಹನ್ನೆರಡರಲ್ಲಿ ಉಳಿಯುವುದು ಒಂಬತ್ತು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿ ಬಿಗಿಮಾಡಿದರೆ ಎಷ್ಟೋ ‘ಪಂಪ್ ಕೆಲಸ’ಗಳು ಅಲ್ಲಿಗೇ ಮುಗಿದುಹೋಗುತ್ತವೆ.

ಸೆಲ್ಫ್ ಚುರುಕಾಗಿ ತಿರುಗುತ್ತಿದೆ, ಎಂಜಿನ್ ಏಳುತ್ತಿಲ್ಲ. ಈಗ ಸೈಲೆನ್ಸರಿನ ಕಡೆ ನೋಟ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಡೀಸೆಲ್ ಎಂಜಿನ್ನಿಗೆ ಅನ್ವಯಿಸುವುದಿಲ್ಲ. ಇಲ್ಲಿ ಬೆಂಕಿ ಇಲ್ಲದಾಗಲೇ ಬಿಳಿ ಹೊಗೆ ಬರುತ್ತದೆ. ಅದು ಉರಿಯದೆ ಆವಿಯಾಗಿ, ಹೊರಗೆ ಬಂದು ತಣಿದು ಹನಿಗಟ್ಟಿದ ಡೀಸೆಲ್. ಕಣ್ಣು ಉರಿಯುತ್ತದೆ, ಹಸಿ ಡೀಸೆಲ್ಲಿನ ಕಮಟು ವಾಸನೆ. ಬಿಳಿ ಹೊಗೆ ಬಂತೆಂದರೆ ಒಂದು ಶುಭ ಸುದ್ದಿ: ಡೀಸೆಲ್ ಸಿಲಿಂಡರಿನವರೆಗೆ ಬರುತ್ತಿದೆ. ಹತ್ತಿಕೊಳ್ಳುವಷ್ಟು ಕಾವು ಇಲ್ಲ, ಅಥವಾ ಡೀಸೆಲ್ ಬರುವ ರೀತಿ ಸರಿಯಿಲ್ಲ, ಅಥವಾ ಬರುವ ಹೊತ್ತು ಸರಿಯಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ಈ ಒಂದು ನೋಟ ಹುಡುಕಾಟವನ್ನು ಎರಡು ಹೋಳು ಮಾಡುತ್ತದೆ. ಕಪ್ಪು ಹೊಗೆಯ ಮಾತು ಇಲ್ಲಿ ಬೇಕಿಲ್ಲ; ಎದ್ದ ಕ್ಷಣದಲ್ಲಿ ಒಂದು ಕಪ್ಪು ಉಸಿರು ಬಿಡುವುದು ಹಳೆಯ ಡೀಸೆಲ್ಲಿನ ಸಹಜ ಗುಣ.

ಹೊಗೆ ಇಲ್ಲದ ದಾರಿಯನ್ನು ಮೊದಲು ಹಿಡಿಯೋಣ. ಇಲ್ಲಿ ಮೊತ್ತಮೊದಲು ನೋಡಬೇಕಾದ್ದು ಎಂಜಿನ್ ಬಂದ್ ಮಾಡುವ ಕೇಬಲ್. ಯಾಂತ್ರಿಕ ಪಂಪಿನ ಬಹುತೇಕ ಹಳೆಯ ಎಂಜಿನ್‌ಗಳನ್ನು ಬೀಗದ ಕೈಯಿಂದ ನಿಲ್ಲಿಸಲಾಗುವುದಿಲ್ಲ, ಗುಬ್ಬಿ ಎಳೆದು ರ‍್ಯಾಕನ್ನು ಸೊನ್ನೆಗೆ ತರಬೇಕು. ತುಕ್ಕು ಹಿಡಿದ ಕೇಬಲ್ ರಾತ್ರಿ ಎಳೆದ ಜಾಗದಲ್ಲೇ ಅರ್ಧ ನಿಂತರೆ ಬೆಳಿಗ್ಗೆ ಡೀಸೆಲ್ ಬರುವುದಾದರೂ ಹೇಗೆ? ಪಂಪಿನ ಪಕ್ಕದ ಲಿವರನ್ನು ಬೆರಳಿನಿಂದ ಜರುಗಿಸಿ ನೋಡಿದರೆ ತಿಳಿಯುತ್ತದೆ.

ಅದು ಸರಿಯಿದ್ದರೆ ಶಂಕೆ ಗಾಳಿಯ ಮೇಲೆ. ‘ಏರ್ ಎಳೀತಿದೆ’ ಎನ್ನುವುದು ಡೀಸೆಲ್ ಗ್ಯಾರೇಜುಗಳ ನಿತ್ಯಮಂತ್ರ, ಬಹುತೇಕ ಸರಿಯಾದ ಮಂತ್ರವೂ ಹೌದು. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ಲಿನ ಸೂಜಿಯನ್ನು ಅದರ ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಡೀಸೆಲ್ ಮೊದಲು ಬೀಳುವ ಪುಟ್ಟ ಮುಂಗೋಣೆಯಿರುವ ಹಳೆಯ ಕಾರು-ಜೀಪು ಎಂಜಿನ್‌ಗಳಲ್ಲಿ ನೂರು ಬಾರ್ ದಾಟಿದ ಮೇಲೆ, ಟ್ರ್ಯಾಕ್ಟರು-ಲಾರಿಗಳ ನೇರ ಇಂಜೆಕ್ಷನ್ನಿನಲ್ಲಿ 200 ಬಾರ್ ಆಸುಪಾಸಿನಲ್ಲಿ ಮಾತ್ರ ಅದು ತೆರೆಯುತ್ತದೆ. ಡೀಸೆಲ್ ದ್ರವ, ಅದುಮಿದರೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಒತ್ತಡ ಒಮ್ಮೆಲೇ ಏರುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಸೇರಿದರೆ ಕಡ್ಡಿಯ ಶ್ರಮವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದು ಸೂಜಿ ಅಲುಗುವುದಿಲ್ಲ.

ಈ ಗಾಳಿ ಬರುವ ಜಾಗ ಹುಡುಕುವುದು ಪತ್ತೇದಾರಿ ಕೆಲಸ. ಟ್ಯಾಂಕು ಪಂಪಿಗಿಂತ ಕೆಳಗಿರುವ ಗಾಡಿಯಲ್ಲಿ ಟ್ಯಾಂಕಿನಿಂದ, ಡೀಸೆಲ್ಲನ್ನು ಎಳೆದು ತರುವ ಫೀಡ್ ಪಂಪಿನವರೆಗಿನ ಪೈಪಿನೊಳಗೆ ಹೊರಗಿಗಿಂತ ಕಡಿಮೆ ಒತ್ತಡ. ಅಲ್ಲಿ ವಾಷರ್ ಸಡಿಲವಾಗಿದ್ದರೆ, ಪೈಪು ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿರುತ್ತದೆ, ಪೈಪು ಒಣಗಿರುತ್ತದೆ, ‘ಎಲ್ಲೂ ಲೀಕ್ ಇಲ್ಲ ಸಾರ್’ ಎನ್ನುತ್ತಾರೆ. ಎಂಜಿನ್ ಓಡುವಾಗ ಫೀಡ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ನುಗ್ಗಿಸಿ, ಸಣ್ಣಪುಟ್ಟ ಗುಳ್ಳೆಗಳನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ತಳ್ಳಿಬಿಡುತ್ತದೆ. ರಾತ್ರಿ ನಿಂತಾಗ ಡೀಸೆಲ್ ಮೆಲ್ಲಗೆ ಟ್ಯಾಂಕಿಗಿಳಿದು ಆ ಜಾಗಕ್ಕೆ ಗಾಳಿ ತುಂಬುತ್ತದೆ. ಇದು ನೋಡಲು ಚಳಿಯ ತೊಂದರೆಯಂತಿದೆ, ನಿಜದಲ್ಲಿ ರಾತ್ರಿಯ ತೊಂದರೆ. ಬೇಸಿಗೆಯಲ್ಲೂ ಎಂಟು ತಾಸು ನಿಂತರೆ ಹೀಗೇ ಆಗುತ್ತದೆಯೇ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆ.

ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರನ್ನು ಒತ್ತಿ ನೋಡುವುದು ಮೊದಲ ಪರೀಕ್ಷೆ. ಬೆಳಿಗ್ಗೆ ಅದನ್ನು ಒತ್ತಿದಾಗ ಕೈಗೆ ಗಟ್ಟಿ ಸಿಗದೆ ಪೊಳ್ಳು ಪೊಳ್ಳಾಗಿ, ಹಲವು ಸಲ ಒತ್ತಿದ ಮೇಲೆ ಬಿಗಿಯಾದರೆ, ಆಮೇಲೆ ಎಂಜಿನ್ ಮೊದಲ ಸೆಲ್ಫಿಗೇ ಎದ್ದರೆ, ಗಾಳಿಯ ವಿಷಯದಲ್ಲಿ ಸಂಶಯ ಉಳಿಯುವುದಿಲ್ಲ. ಇನ್ನೂ ಗಟ್ಟಿ ಸಾಕ್ಷಿ ಬೇಕಿದ್ದರೆ ಸಂಜೆ ಟ್ಯಾಂಕಿನ ಪೈಪನ್ನು ಫೀಡ್ ಪಂಪಿನ ಬಳಿ ಬಿಚ್ಚಿ, ಬಾನೆಟ್ಟಿಗಿಂತ ಎತ್ತರಕ್ಕೆ ಕಟ್ಟಿದ ಶುದ್ಧ ಡೀಸೆಲ್ ಕ್ಯಾನಿನಿಂದ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಮೂಲಕ ನೇರ ಸಂಪರ್ಕ ಕೊಡಿ. ಗಾಳಿ ತೆಗೆದು, ಒಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿ ಮಲಗಿ. ಬೆಳಿಗ್ಗೆ ಗಾಡಿ ಥಟ್ಟನೆ ಎದ್ದರೆ ಪಂಪು, ನಾಝಲ್, ಕಂಪ್ರೆಷನ್ ಎಲ್ಲ ನಿರಪರಾಧಿಗಳು. ಅಪರಾಧಿ ಹೆಚ್ಚಾಗಿ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಎಲ್ಲೋ ಇರುತ್ತಾನೆ. ಖರ್ಚು ಒಂದು ಮೊಳ ಪೈಪು. ಟ್ಯಾಂಕು ಹಿಂಬದಿಯಲ್ಲಿರುವ ಗಾಡಿಯನ್ನು ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸುವ ಮಲೆನಾಡಿನ ಡ್ರೈವರುಗಳು ಗೊತ್ತಿಲ್ಲದೆಯೇ ಈ ಪರೀಕ್ಷೆಯನ್ನು ಅರ್ಧ ಮಾಡಿರುತ್ತಾರೆ. ತಳ್ಳದೆ ಉರುಳಿಸಿ ಸ್ಟಾರ್ಟ್ ಮಾಡಬಹುದೆಂದು ಅವರು ಹಾಗೆ ನಿಲ್ಲಿಸುವುದು. ಟ್ಯಾಂಕು ಮೇಲಾಗಿ ಡೀಸೆಲ್ ಹಿಂದಕ್ಕೆ ಇಳಿಯದೆ ಉಳಿಯುವುದು ಉಚಿತವಾಗಿ ಸಿಕ್ಕ ಲಾಭ.

ಗಾಳಿ ನುಸುಳುವ ಜಾಗಗಳೆಂದರೆ ಮರುಬಳಕೆ ಮಾಡಿದ ತಾಮ್ರದ ವಾಷರು, ಫಿಲ್ಟರ್ ಬದಲಿಸಿದಾಗ ಓರೆಯಾಗಿ ಕೂತ ರಬ್ಬರ್ ರಿಂಗು, ಪ್ರೈಮರಿನ ಒಳಗಿನ ಸೀಲು, ಒಣಗಿ ಸೀಳಿದ ರಬ್ಬರ್ ಪೈಪು. ಡೀಸೆಲ್ ಬದಲಾದದ್ದರ ಪಾತ್ರವೂ ಇದರಲ್ಲಿ ಸ್ವಲ್ಪ ಇರಬಹುದು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ ಹತ್ತು ಪಾಲು ಮೀರುವಂತಿಲ್ಲ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ರಬ್ಬರನ್ನು ಉಬ್ಬಿಸುವ ಆರೊಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಡೀಸೆಲ್ಲಿನಲ್ಲಿ ಉಬ್ಬಿ ಕೂತಿದ್ದ ಹಳೆಯ ಸೀಲು ಹೊಸದರಲ್ಲಿ ಕುಗ್ಗಿ ಸಡಿಲವಾಗಬಹುದು. 1993ರಲ್ಲಿ ಅಮೆರಿಕ ಕಡಿಮೆ ಗಂಧಕದ ಡೀಸೆಲ್ಲಿಗೆ ಬದಲಾದಾಗ ಹಳೆಯ ಪಂಪುಗಳ ಸೀಲು ಸೋರಿದ ದೂರುಗಳು ಬಂದಿದ್ದವು. ಶುದ್ಧ ಡೀಸೆಲ್ಲನ್ನು ಇದಕ್ಕಾಗಿ ಹಳಿಯಬೇಕಿಲ್ಲ. ಮೂವತ್ತು ವರ್ಷದ ರಬ್ಬರನ್ನು ಬದಲಿಸಿ ಅಷ್ಟೇ.

ಈಗ ಬಿಳಿ ಹೊಗೆಯ ದಾರಿ. ಡೀಸೆಲ್ ಬರುತ್ತಿದೆ, ಬೆಂಕಿ ಇಲ್ಲ. ಕೆಲವು ಜೀಪು, ಅಂಬಾಸಿಡರುಗಳಂಥ ಮುಂಗೋಣೆಯ ಎಂಜಿನ್ನಾದರೆ ಹೀಟರ್ ಪ್ಲಗ್ಗಿನ ಮೇಲೆ ಮೊದಲ ಗುಮಾನಿ. ಈ ಎಂಜಿನ್‌ಗಳಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಬೀಳುತ್ತದೆ. ಕೋಣೆಯ ಗೋಡೆಯ ಮೈ ಹೆಚ್ಚಾದ್ದರಿಂದ ಶಾಖ ಬೇಗ ಕಳೆದುಹೋಗುತ್ತದೆ. ಹೀಟರ್ ಇಲ್ಲದೆ ಚಳಿಯಲ್ಲಿ ಏಳುವುದು ಅವುಗಳಿಗೆ ಕಷ್ಟ. ಹಳೆಯ ಮಾದರಿಯ ಸುರುಳಿ ತಂತಿಯ ಹೀಟರುಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಸುಟ್ಟರೆ ನಾಲ್ಕೂ ಸತ್ತಂತೆ, ಡ್ಯಾಶ್‌ಬೋರ್ಡಿನ ಸೂಚಕ ತಂತಿಯೂ ಕೆಂಪಾಗುವುದಿಲ್ಲ. ಪೆನ್ಸಿಲ್ಲಿನಂಥ ಹೊಸ ಮಾದರಿಯವು ಪ್ರತ್ಯೇಕವಾಗಿ ಜೋಡಣೆಯಾಗಿರುತ್ತವೆ. ಅಲ್ಲಿ ಒಂದು ಸತ್ತರೆ ಮೂರು ದುಡಿಯುತ್ತವೆ, ಎಂಜಿನ್ ಎದ್ದು ಕುಂಟುತ್ತಾ ಬಿಳಿ ಹೊಗೆ ಕಾರಿ, ಒಂದೆರಡು ನಿಮಿಷಕ್ಕೆ ಸರಿಹೋಗುತ್ತದೆ. ಎಂಜಿನ್ ಎದ್ದುಬಿಡುವುದರಿಂದ ಮಾಲೀಕರು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೆಯದು ಸತ್ತ ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ.

ಟ್ರ್ಯಾಕ್ಟರುಗಳ ನೇರ ಇಂಜೆಕ್ಷನ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಹೀಟರ್ ಇರುವುದಿಲ್ಲ. ಪರ್ಕಿನ್ಸ್ ವಂಶದ ಕೆಲವು ಎಂಜಿನ್‌ಗಳಲ್ಲಿ ಗಾಳಿಯ ದಾರಿಯಲ್ಲೇ ಥರ್ಮೋಸ್ಟಾರ್ಟ್ ಎಂಬ ಪುಟ್ಟ ಒಲೆ ಇರುತ್ತದೆ. ಕಾದ ಸುರುಳಿಯ ಮೇಲೆ ಡೀಸೆಲ್ ತೊಟ್ಟಿಕ್ಕಿ ಉರಿದು, ಒಳಹೋಗುವ ಗಾಳಿ ಬೆಚ್ಚಗಾಗುತ್ತದೆ. ಅದರ ಡೀಸೆಲ್ ಪೈಪನ್ನು ಯಾರೋ ಎಂದೋ ಕಿತ್ತು ಮೊಳೆ ಬಡಿದು ಮುಚ್ಚಿರುವುದು ನಮ್ಮಲ್ಲಿ ಆಶ್ಚರ್ಯದ ಸಂಗತಿಯಲ್ಲ.

ಹೀಟರ್ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ನಾಝಲ್. ಒಂದು ಸಲಕ್ಕೆ ಒಂದು ಸಿಲಿಂಡರಿಗೆ ಬೀಳುವ ಡೀಸೆಲ್ 40 ಘನ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದು ಒಂದೇ ಹನಿಯಾಗಿ ಬಿದ್ದರೆ ಅದರ ಮೈ ವಿಸ್ತೀರ್ಣ 57 ಚದರ ಮಿಲಿಮೀಟರ್ ಕೂಡ ಆಗದು. 20 ಮೈಕ್ರಾನಿನ ಹನಿಗಳಾಗಿ ಒಡೆದರೆ ಅಷ್ಟೇ ಡೀಸೆಲ್ಲಿಗೆ 12,000 ಚದರ ಮಿಲಿಮೀಟರ್ ಮೈ, ಇನ್ನೂರು ಪಟ್ಟಿಗೂ ಹೆಚ್ಚು. ಬೆಂಕಿ ಹತ್ತುವುದು ಆವಿಗೆ, ಆವಿ ಏಳುವುದು ಮೈಯಿಂದ. ಕಾದ ಎಂಜಿನ್ನಿನಲ್ಲಿ ದಪ್ಪ ಹನಿಯೂ ಆವಿಯಾದೀತು, ಚಳಿಯಲ್ಲಿ ಆಗದು. ನಾಝಲ್ಲುಗಳನ್ನು ಬಿಚ್ಚಿ ಕೈಪಂಪಿನ ಟೆಸ್ಟರಿಗೆ ಹಾಕಿ ಒತ್ತಿದಾಗ ಒಳ್ಳೆಯ ನಾಝಲ್ ಕಿರ್ ಎಂದು ಚೀರಿ ಮಂಜಿನಂತೆ ಸಿಂಪಡಿಸುತ್ತದೆ, ಆಮೇಲೆ ತುದಿ ಒಣಗಿರುತ್ತದೆ. ಕೆಟ್ಟದ್ದು ಸದ್ದಿಲ್ಲದೆ ಒಂದು ಎಳೆಯಾಗಿ ಜಿನುಗುತ್ತದೆ, ತುದಿಯಲ್ಲಿ ತೊಟ್ಟು ನಿಲ್ಲುತ್ತದೆ. ಆ ಸಿಂಪಡಣೆಗೆ ಬೆರಳು ಒಡ್ಡಿ ನೋಡುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಕೊಳೆತ. ಬೆರಳು ಕತ್ತರಿಸಬೇಕಾಗಿ ಬಂದದ್ದುಂಟು. ಹಾಗಾದರೆ ನೋವಿಲ್ಲವೆಂದು ಮನೆಗೆ ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಂಪ್ರೆಷನ್ ಹೋಗಿದೆಯೇ ಎಂಬುದಕ್ಕೆ ಹಳೆಯ ಪಂಪ್‌ಸೆಟ್ಟಿನವರ ಉಪಾಯ ಇಂದಿಗೂ ಒಳ್ಳೆಯದು. ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಒಂಟಿ ಸಿಲಿಂಡರಿನ ಎಂಜಿನ್‌ಗಳಲ್ಲಿ ಡಿಕಂಪ್ರೆಷನ್ ಲಿವರ್ ಎತ್ತಿ, ಚಕ್ರಕ್ಕೆ ವೇಗ ಬಂದ ಮೇಲೆ ಲಿವರ್ ಬಿಡುತ್ತಾರೆ. ಆದರೂ ಏಳದ ಎಂಜಿನ್ನಿನ ಗಾಳಿ ದಾರಿಗೆ ಕೆಲವು ತೊಟ್ಟು ಎಂಜಿನ್ ಆಯಿಲ್ ಬಿಡುತ್ತಾರೆ. ಆಯಿಲ್ ರಿಂಗಿನ ಸಂದಿಗಳನ್ನು ಮುಚ್ಚಿ, ಸೋರುವ ಗಾಳಿಯನ್ನು ತಡೆಯುತ್ತದೆ. ಹಾಗೆ ಮಾಡಿದಾಗ ಎದ್ದರೆ ರಿಂಗು-ಲೈನರು ಸವೆದಿದೆ, ಬೋರ್ ಕೆಲಸ ಹತ್ತಿರ ಬಂದಿದೆ. ಏನೂ ವ್ಯತ್ಯಾಸವಾಗದಿದ್ದರೆ ವಾಲ್ವ್ ನೋಡಬೇಕು. ತೊಟ್ಟು ಎಂದರೆ ತೊಟ್ಟು. ಲೋಟಗಟ್ಟಲೆ ಸುರಿದರೆ ಪಿಸ್ಟನ್ ಅದುಮಲಾಗದ ದ್ರವಕ್ಕೆ ಡಿಕ್ಕಿ ಹೊಡೆದು ಕನೆಕ್ಟಿಂಗ್ ರಾಡು ಬಾಗುತ್ತದೆ.

ಪಂಪಿನ ಕಡೆಯಿಂದ ಚಳಿಗೆ ಸಿಗುವ ಒಂದು ಸಹಾಯವನ್ನು ಹೇಳದೆ ಬಿಟ್ಟರೆ ಅನ್ಯಾಯ. ಚಳಿಯಲ್ಲಿ ಸಿಂಪಡಿಸಿದ ಡೀಸೆಲ್ಲಿನಲ್ಲಿ ಆವಿಯಾಗುವ ಪಾಲು ಕಡಿಮೆ, ಆದ್ದರಿಂದ ಆರಂಭಕ್ಕೆ ಹೆಚ್ಚು ಡೀಸೆಲ್ ಬೇಕು. ಎಂಜಿನ್ ನಿಂತಾಗ, ವೇಗವನ್ನು ಹಿಡಿತದಲ್ಲಿಡುವ ಗವರ್ನರಿನೊಳಗಿನ ಸ್ಟಾರ್ಟಿಂಗ್ ಸ್ಪ್ರಿಂಗು ರ‍್ಯಾಕನ್ನು ಪೂರ್ತಿ ಲೋಡಿಗಿಂತಲೂ ಮುಂದಿನ ಸ್ಥಾನಕ್ಕೆ ಎಳೆದಿಡುತ್ತದೆ. ಎಂಜಿನ್ ಎದ್ದು ವೇಗ ಹಿಡಿದಂತೆ ಗವರ್ನರಿನ ತೂಕಗಳು ಅದನ್ನು ಹಿಂದಕ್ಕೆ ತರುತ್ತವೆ. ಕೆಲವು ಹಳೆಯ ಪಂಪುಗಳಲ್ಲಿ ಇದಕ್ಕೊಂದು ಗುಂಡಿಯೇ ಇರುತ್ತದೆ, ಸೆಲ್ಫ್ ಹೊಡೆಯುವ ಮುಂಚೆ ಅದನ್ನು ಒತ್ತಬೇಕು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿ ರ‍್ಯಾಕ್ ಅಂಟಿಕೊಂಡು ಈ ಸ್ಥಾನಕ್ಕೆ ಬರದೇ ಇರಬಹುದು. ಪಂಪಿನ ಮೇಲೆ ಬರುವ ನ್ಯಾಯವಾದ ಆರೋಪಗಳಲ್ಲಿ ಇದೊಂದು. ಇನ್ನೊಂದು ಟೈಮಿಂಗ್: ಚೈನು, ಗೇರು, ಕಪ್ಲಿಂಗ್ ಸವೆದು ಸಿಂಪಡಣೆ ಕೆಲವು ಡಿಗ್ರಿ ತಡವಾದರೆ ಗಾಳಿಯ ಕಾವು ಇಳಿಯತೊಡಗಿದ ಮೇಲೆ ಡೀಸೆಲ್ ಬಂದು ಬಿಳಿ ಹೊಗೆಯಾಗುತ್ತದೆ. ಅದರ ದೋಷ ಪಂಪನ್ನು ತಿರುಗಿಸುವ ಭಾಗಗಳದ್ದು.

ಡೀಸೆಲ್ಲೇ ಚಳಿಗೆ ಹೆಪ್ಪುಗಟ್ಟಿದೆ ಎಂಬ ಮಾತನ್ನು ಕರ್ನಾಟಕದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಡೀಸೆಲ್ಲಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುವುದು ನಿಜ, ಆದರೆ ಅದು ಹಿಮಾಲಯದ ಸಮಸ್ಯೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ ತಂದಿತು. ಬೀದರಿನ, ಮಡಿಕೇರಿಯ ಮಾಗಿಗೆ ಅದರ ಅಗತ್ಯ ಬೀಳದು.

ಕೊನೆಗೆ ಪೆಟ್ರೋಲ್ ಬಟ್ಟೆಯ ವಿಚಾರ. ಏರ್ ಫಿಲ್ಟರ್ ತೆಗೆದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಸೆಲ್ಫ್ ಹೊಡೆಯುವುದನ್ನು ಅನೇಕರು ವಿದ್ಯೆ ಎಂದುಕೊಂಡಿದ್ದಾರೆ. ಪೆಟ್ರೋಲ್ ಬೇಗ ಹತ್ತುತ್ತದಲ್ಲ ಎಂಬುದು ಅವರ ತರ್ಕ. ಬೆಂಕಿಕಡ್ಡಿ ಗೀರಿದರೆ ಹತ್ತುವುದೇ ಬೇರೆ, ಅದುಮಿದ ಗಾಳಿಯಲ್ಲಿ ತಾನಾಗಿ ಹತ್ತುವುದೇ ಬೇರೆ. ತಾನಾಗಿ ಹತ್ತದಿರಲೆಂದೇ ಪೆಟ್ರೋಲನ್ನು ಸಿದ್ಧಪಡಿಸಿರುತ್ತಾರೆ, ಆಕ್ಟೇನ್ ಸಂಖ್ಯೆ ಹೇಳುವುದು ಅದನ್ನೇ. ತಾನಾಗಿ ಹತ್ತುವ ಗುಣ ಡೀಸೆಲ್ಲಿನದ್ದು, ಅದರ ಅಳತೆ ಸೀಟೇನ್ ಸಂಖ್ಯೆ. ಈಥರ್ ಸ್ಪ್ರೇ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಅದು 160-180 ಡಿಗ್ರಿಗೇ ಹತ್ತಿಕೊಳ್ಳುತ್ತದೆ. ಆ ಕಾರಣಕ್ಕೇ ಅದು ಅಪಾಯ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿದು ರಿಂಗು ಮುರಿಯುತ್ತದೆ; ಹೀಟರ್ ಅಥವಾ ಥರ್ಮೋಸ್ಟಾರ್ಟ್ ಕೆಂಪಾಗಿರುವ ಎಂಜಿನ್ನಿಗೆ ಹೊಡೆದರೆ ಗಾಳಿಯ ದಾರಿಯಲ್ಲೇ ಸ್ಫೋಟವಾಗುತ್ತದೆ. ದಿನಾ ಸ್ಪ್ರೇ ಹೊಡೆದು ಎಬ್ಬಿಸುವ ಎಂಜಿನ್ನಿನ ಕಂಪ್ರೆಷನ್ ದಿನಾ ಇಳಿಯುತ್ತದೆ, ಮರುದಿನ ಹೆಚ್ಚು ಸ್ಪ್ರೇ ಬೇಕಾಗುತ್ತದೆ.

ಗಾಡಿಯನ್ನು ಮೆಕ್ಯಾನಿಕ್ ಬಳಿ ಒಯ್ಯುವಾಗ ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ. ಬೆಳಿಗ್ಗೆ ನೀವೂ ಅಲ್ಲಿರಿ. ಸೆಲ್ಫ್ ಹೇಗೆ ತಿರುಗಿತು, ಪ್ರೈಮರ್ ಪೊಳ್ಳಾಗಿತ್ತೇ, ಹೊಗೆ ಬಂತೇ, ಬಿಸಿಯಾದ ಮೇಲೆ ಹೇಗೆ, ಈ ನಾಲ್ಕಕ್ಕೆ ಉತ್ತರ ಸಿಗುವ ತನಕ ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ. ಅಷ್ಟಾದ ಮೇಲೂ ಪಂಪೇ ತಪ್ಪಿತಸ್ಥ ಎಂದು ಗೊತ್ತಾದರೆ, ಅದನ್ನು ಟೆಸ್ಟ್ ಬೆಂಚ್ ಇರುವ ಕಡೆಗೇ ಕಳಿಸಿ. ಮೈಕ್ರಾನಿನ ಲೆಕ್ಕದ ಕೆಲಸವನ್ನು ರಸ್ತೆ ಬದಿಯ ಧೂಳಿನಲ್ಲಿ ಮಾಡಲಾಗುವುದಿಲ್ಲ.